ಹಳೆಯ ಕ್ಯಾಮೆರಾ ಕಲಿಸಿದ ಬೆಳಕಿನ ಲೆಕ್ಕ

(ಫಿಲ್ಮ್ ಕ್ಯಾಮೆರಾ ಕಲಿಯಲು ಹೊರಟ ಗೆಳೆಯರ ಮುಂದೆ ಆಡಿದ ಮಾತುಗಳಿವು. ಒಂದೇ ಮಾತು ಎರಡು ಸಲ ಬಂದಿದ್ದ ಕಡೆ ತೆಗೆದು, ಕೊನೆಯಲ್ಲಿ ಬಂದ ಪ್ರಶ್ನೆಗಳನ್ನು ಸೇರಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಈ ಕ್ಯಾಮೆರಾವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿ. ಒಳಗೆ ರೀಲು ಇಲ್ಲ. ಹಿಂದಿನ ಮುಚ್ಚಳ ಬೇಕಂತಲೇ ತೆರೆದಿಟ್ಟಿದ್ದೇನೆ. ಅಲ್ಲಿ ಕಾಣುವ ಕಪ್ಪು ಬಟ್ಟೆಯ ಪರದೆಗೆ ಮಾತ್ರ ಬೆರಳು ತಾಗಿಸಬೇಡಿ, ಅದು ತುಂಬಾ ನಾಜೂಕು. ಲೆನ್ಸನ್ನು ಕಿಟಕಿ ಕಡೆ ಹಿಡಿದು, ಹಿಂದಿನಿಂದ ನೋಡುತ್ತಾ ಬಟನ್ ಒತ್ತಿ. ಶಟರ್ ಡಯಲ್ ಈಗ 15ರಲ್ಲಿದೆ. ಅಂದರೆ ಸೆಕೆಂಡಿನ ಹದಿನೈದನೇ ಒಂದು ಭಾಗ. ಒಂದು ತುಣುಕು ಬೆಳಕು ಬಂದು ಹೋಯಿತು, ಅಲ್ವಾ? ಈಗ ಲಿವರ್ ಎಳೆದು ಡಯಲನ್ನು 500ಕ್ಕೆ ಇಡಿ. ಮತ್ತೆ ಒತ್ತಿ. ಈ ಸಲ ರೆಪ್ಪೆ ಅಲುಗಿದಷ್ಟೂ ಹೊತ್ತಿಲ್ಲ.

ಇನ್ನೊಂದು ಸಲ ಲಿವರ್ ಎಳೆಯಿರಿ. ಡಯಲನ್ನು ‘ಬಿ’ ಅಕ್ಷರಕ್ಕೆ ತಂದು ಬಟನ್ ಒತ್ತಿ ಹಿಡಿಯಿರಿ. ಬೆರಳು ತೆಗೆಯುವ ತನಕ ಬಾಗಿಲು, ಅಂದರೆ ಆ ಪರದೆಯ ಶಟರ್, ತೆರೆದೇ ಇರುತ್ತದೆ. ಒತ್ತಿ ಹಿಡಿದುಕೊಂಡೇ ಲೆನ್ಸಿನ ಉಂಗುರವನ್ನು 2ರಿಂದ 16ರ ಕಡೆಗೆ ತಿರುಗಿಸಿ. ಒಳಗಿನ ತಗಡಿನ ಎಲೆಗಳು ಒಟ್ಟಿಗೆ ಕೂಡಿಕೊಂಡು ದೊಡ್ಡ ತೂತು ಕೊತ್ತಂಬರಿ ಕಾಳಿನಷ್ಟು ಆಗುವುದು ಕಾಣುತ್ತದೆ.

ಎಕ್ಸ್‌ಪೋಶರ್ ಅಂದರೆ ಇವೆರಡೇ. ತೂತು ಎಷ್ಟು ದೊಡ್ಡದು, ಬಾಗಿಲು ಎಷ್ಟು ಹೊತ್ತು ತೆರೆದಿತ್ತು. ನಾನು ಇದನ್ನು ಓದಿ ಕಲಿಯಲು ತಿಂಗಳುಗಟ್ಟಲೆ ಒದ್ದಾಡಿದೆ. ಯಾರಾದರೂ ಮೊದಲ ದಿನವೇ ಹೀಗೆ ಮುಚ್ಚಳ ತೆರೆದು ತೋರಿಸಿದ್ದರೆ ಹತ್ತು ನಿಮಿಷ ಸಾಕಿತ್ತು. ಅದಕ್ಕೇ ಇಲ್ಲಿಂದ ಶುರು ಮಾಡಿದೆ.

ಮೂರನೆಯದೊಂದು ಇದೆ, ಫಿಲ್ಮಿನ ವೇಗ, ಅಂದರೆ ಫಿಲ್ಮಿಗೆ ಎಷ್ಟು ಬೆಳಕು ಸಾಕು ಅನ್ನುವುದು. ಎಲ್ಲ ಕಡೆ ಈ ಮೂರನ್ನು ಒಂದು ತ್ರಿಕೋನದ ಹಾಗೆ ಬರೆದು ತೋರಿಸುತ್ತಾರೆ. ಡಿಜಿಟಲ್‌ಗೆ ಅದು ಸರಿ. ಫಿಲ್ಮ್ ಕಲಿಯುವವರಿಗೆ ಆ ಚಿತ್ರ ದಾರಿ ತಪ್ಪಿಸುತ್ತದೆ ಅನ್ನುವುದು ನನ್ನ ಅನುಭವ. ಯಾಕೆಂದರೆ ರೀಲು ಹಾಕಿದ ಕ್ಷಣಕ್ಕೇ ಆ ಮೂಲೆ ಗಟ್ಟಿಯಾಗಿಬಿಡುತ್ತದೆ. ಮುಂದಿನ 36 ಚಿತ್ರಕ್ಕೂ ಅದೇ ಫಿಲ್ಮ್. ನಿಮ್ಮ ಕೈಯಲ್ಲಿ ಉಳಿಯುವುದು ಒಂದು ಡಯಲ್, ಒಂದು ಉಂಗುರ. ಕಲಿಯುವವರಿಗೆ ಇದು ದೊಡ್ಡ ಉಪಕಾರ. ತಿರುಗಿಸಲು ಎರಡೇ ಇದ್ದಾಗ ಯಾವುದು ಏನು ಮಾಡುತ್ತದೆ ಅನ್ನುವುದು ಬೇಗ ಕೈಗೆ ಹತ್ತುತ್ತದೆ.

ಡಬ್ಬಿಯ ಮೇಲೆ 100, 200, 400 ಅಂತ ಐಎಸ್‌ಒ ಸಂಖ್ಯೆ ಇರುತ್ತದೆ. ಹಳೆಯ ಕ್ಯಾಮೆರಾಗಳ ಮೇಲೆ ಎಎಸ್‌ಎ ಅಂತ ಬರೆದಿರುತ್ತಾರೆ, ಸಂಖ್ಯೆ ಅದೇ. ಸಂಖ್ಯೆ ಎರಡು ಪಟ್ಟಾದರೆ ಅರ್ಧ ಬೆಳಕು ಸಾಕು. ಮೊದಲ ರೀಲಿಗೆ 400ರ ಕಪ್ಪು ಬಿಳುಪು ನೆಗೆಟಿವ್ ತಗೊಳ್ಳಿ, ಅಂದರೆ ತೊಳೆದಾಗ ಬೆಳಕು ಬಿದ್ದ ಜಾಗ ಕಪ್ಪಾಗುವ ಫಿಲ್ಮ್. ತಪ್ಪುಗಳನ್ನು ಅದು ಜಾಸ್ತಿ ತಾಳಿಕೊಳ್ಳುತ್ತದೆ.

ಈಗ ಆ ಉಂಗುರದ ಮೇಲಿನ ಸಂಖ್ಯೆಗಳು. 1.4, 2, 2.8, 4, 5.6, 8, 11, 16. ಇದೆಂಥ ಲೆಕ್ಕ ಅಂತ ಎಲ್ಲರಿಗೂ ಅನಿಸುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ತೂತು ಚಿಕ್ಕದು, ಅದೂ ತಲೆಕೆಳಗು. ಇದು ಭಾಗಾಕಾರ ಅಂತ ಗೊತ್ತಾದರೆ ಗೊಂದಲ ಹೋಗುತ್ತದೆ. ನಿಮ್ಮ ಕೈಯಲ್ಲಿರುವ ಲೆನ್ಸಿನ ಫೋಕಲ್ ಉದ್ದ 50 ಎಂಎಂ. ಎಫ್ 2 ಅಂದರೆ ಐವತ್ತನ್ನು ಎರಡರಿಂದ ಭಾಗಿಸಿ, 25 ಎಂಎಂ ಅಗಲದ ತೂತು. ಎಫ್ 16 ಅಂದರೆ ಐವತ್ತನ್ನು ಹದಿನಾರರಿಂದ ಭಾಗಿಸಿ, 3 ಎಂಎಂಗಿಂತ ಸ್ವಲ್ಪ ಹೆಚ್ಚು. ಬೆಳಕು ಎಷ್ಟು ನುಗ್ಗುತ್ತದೆ ಅನ್ನುವುದು ತೂತಿನ ಅಗಲಕ್ಕಿಂತ ಅದರ ವಿಸ್ತೀರ್ಣಕ್ಕೆ ಸೇರಿದ್ದು. ಅಗಲವನ್ನು 1.4ರಿಂದ ಭಾಗಿಸಿದರೆ ವಿಸ್ತೀರ್ಣ ಅರ್ಧವಾಗುತ್ತದೆ. ಅದಕ್ಕೇ ಪ್ರತಿ ಸಂಖ್ಯೆಯೂ ಹಿಂದಿನದರ ಸುಮಾರು 1.4 ಪಟ್ಟು. ಒಂದು ಮೆಟ್ಟಿಲು ಮುಂದೆ ಹೋದರೆ ಬೆಳಕು ಅರ್ಧ. ಹಿಂದೆ ಬಂದರೆ ಎರಡು ಪಟ್ಟು. ಈ ಮೆಟ್ಟಿಲಿಗೆ ಸ್ಟಾಪ್ ಅಂತ ಹೆಸರು.

ಶಟರ್ ಡಯಲ್ಲಿನ 30, 60, 125, 250 ಕೂಡ ಇದೇ ಅರ್ಧ, ದುಪ್ಪಟ್ಟಿನ ಮೆಟ್ಟಿಲುಗಳು. ಹಾಗಾಗಿ ಎರಡೂ ಒಂದೇ ಭಾಷೆ ಆಡುತ್ತವೆ. 1/125ರಲ್ಲಿ ಎಫ್ 8 ಸರಿಯಾಗಿದ್ದರೆ, 1/250ರಲ್ಲಿ ಎಫ್ 5.6 ಕೂಡ ಸರಿ, 1/60ರಲ್ಲಿ ಎಫ್ 11 ಕೂಡ ಸರಿ. ಫಿಲ್ಮಿಗೆ ತಲುಪುವ ಬೆಳಕು ಅಷ್ಟೇ. ಚಿತ್ರ ಮಾತ್ರ ಬೇರೆ. ಒಂದರಲ್ಲಿ ಓಡುವ ಮಗುವಿನ ಕಾಲು ನಿಂತು ಕಾಣುತ್ತದೆ, ಇನ್ನೊಂದರಲ್ಲಿ ಹತ್ತಿರದ ಕಲ್ಲಿನಿಂದ ದೂರದ ಮರದವರೆಗೆ ಎಲ್ಲ ಸ್ಪಷ್ಟವಾಗಿ ಬರುತ್ತದೆ. ಯಾವುದು ಬೇಕು ಅಂತ ನೀವೇ ಹೇಳಬೇಕು. ಕೈಯಲ್ಲಿ ಹಿಡಿದು ತೆಗೆಯುವುದಾದರೆ 50 ಎಂಎಂ ಲೆನ್ಸಿಗೆ 1/60ಕ್ಕಿಂತ ಕೆಳಗೆ ಇಳಿಯುವಾಗ ಗೋಡೆಗೋ ಕಂಬಕ್ಕೋ ಒರಗಿಕೊಳ್ಳಿ. ಈ ಭಾಗವನ್ನು ಇಷ್ಟಕ್ಕೇ ಬಿಡುತ್ತೇನೆ, ಇದು ಮಾಡ್ತಾ ಮಾಡ್ತಾ ಬರುತ್ತದೆ.

ನಾನು ನಿಜವಾಗಿ ಮಾತಾಡಬೇಕು ಅಂತ ಬಂದಿದ್ದು ಮುಂದಿನದರ ಬಗ್ಗೆ. ಎಷ್ಟು ಬೆಳಕು ಬೇಕು ಅಂತ ಯಾರು ಹೇಳಬೇಕು?

ಬೆಳಕು ಅಳೆಯುವ ಮೀಟರ್ ಹೇಳುತ್ತದೆ ಅಂತೀರಿ. ಮೀಟರ್ ನೋಡುವ ಮೊದಲು ನೀವು ಒಂದು ಅಂದಾಜು ಹೇಳಿ ಅಂತ ನನ್ನ ಮನವಿ. ಹಿಂದೆ ಎಷ್ಟೋ ಕ್ಯಾಮೆರಾಗಳಲ್ಲಿ ಮೀಟರೇ ಇರಲಿಲ್ಲ. ಫಿಲ್ಮ್ ಡಬ್ಬಿಯ ಜೊತೆಗೆ ಒಂದು ಚಿಕ್ಕ ಪಟ್ಟಿ ಅಚ್ಚಾಗಿ ಬರುತ್ತಿತ್ತು. ಬಿಸಿಲಿಗೆ ಇಷ್ಟು, ಮೋಡಕ್ಕೆ ಇಷ್ಟು ಅಂತ. ಅದನ್ನು ನೋಡಿಕೊಂಡೇ ಜನ ಚೆನ್ನಾಗಿ ಚಿತ್ರ ತೆಗೆದರು. ಆ ಪಟ್ಟಿಯ ಸಾರ ಒಂದೇ ಸಾಲು: ಒಳ್ಳೆ ಬಿಸಿಲಿದ್ದರೆ ಎಫ್ 16 ಇಡಿ, ಶಟರ್ ವೇಗ ಫಿಲ್ಮಿನ ಸಂಖ್ಯೆಗೆ ಹತ್ತಿರದ್ದು ಇಡಿ. 400ರ ಫಿಲ್ಮಿಗೆ 1/500, 100ರ ಫಿಲ್ಮಿಗೆ 1/125. ಇದನ್ನೇ ಸನ್ನಿ 16 ಅನ್ನುತ್ತಾರೆ.

ಬಿಸಿಲು ‘ಒಳ್ಳೆಯದೋ’ ಅಲ್ಲವೋ ಅಂತ ಹೇಗೆ ಹೇಳುವುದು? ಆಕಾಶ ನೋಡಬೇಡಿ, ನೆಲ ನೋಡಿ. ನಿಮ್ಮ ನೆರಳಿನ ಅಂಚು ಚಾಕುವಿನಿಂದ ಕತ್ತರಿಸಿದ ಹಾಗಿದ್ದರೆ ಎಫ್ 16. ಅಂಚು ಮೆತ್ತಗಾಗಿದ್ದರೆ ಎಫ್ 11. ನೆರಳು ಇದೆಯೋ ಇಲ್ಲವೋ ಅನ್ನುವ ಹಾಗಿದ್ದರೆ ಎಫ್ 8. ನೆರಳೇ ಇಲ್ಲದೆ ದಟ್ಟ ಮೋಡ ಕವಿದಿದ್ದರೆ ಎಫ್ 5.6. ಬಿಸಿಲಿನ ದಿನವೇ ಆಗಿದ್ದು, ನೀವು ತೆಗೆಯುವ ಮುಖ ಮರದ ಅಥವಾ ಕಟ್ಟಡದ ನೆರಳಿನಲ್ಲಿದ್ದರೆ ಎಫ್ 4 ಅಥವಾ 5.6. ಕ್ಯಾಮೆರಾ ಮನೆಯಲ್ಲಿದ್ದರೂ ಈ ಅಭ್ಯಾಸ ಮಾಡಬಹುದು. ನಾನು ಒಂದು ಇಡೀ ವರ್ಷ ನಡೆಯುವಾಗೆಲ್ಲ ನೆರಳಿನ ಅಂಚು ನೋಡಿ ಮನಸ್ಸಿನಲ್ಲೇ ಸಂಖ್ಯೆ ಹೇಳಿಕೊಳ್ಳುತ್ತಿದ್ದೆ. ಈಗಲೂ ಅದು ಬಿಟ್ಟಿಲ್ಲ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಹೇಳಲೇಬೇಕು. ಹುಣ್ಣಿಮೆ ಚಂದ್ರನ ಚಿತ್ರ ತೆಗೆಯಲು ಎಷ್ಟು ಎಕ್ಸ್‌ಪೋಶರ್ ಬೇಕು? ರಾತ್ರಿ ಅಲ್ವಾ, ಸೆಕೆಂಡುಗಟ್ಟಲೆ ಬೇಕು ಅನಿಸುತ್ತದೆ. ಆದರೆ ಚಂದ್ರನ ಮೇಲೆ ಈಗ ನಡು ಹಗಲು. ಅಲ್ಲಿ ಬಿದ್ದಿರುವುದು ನಮ್ಮ ನೆಲಕ್ಕೆ ಬೀಳುವ ಬಿಸಿಲೇ. ಅಲ್ಲಿನ ಕಲ್ಲು, ಮಣ್ಣು ಕಪ್ಪು ಬಣ್ಣದ್ದಾದ್ದರಿಂದ ಒಂದು ಸ್ಟಾಪ್ ಹೆಚ್ಚು ಕೊಟ್ಟು ಎಫ್ 11 ಇಟ್ಟರೆ ಸಾಕು. 400ರ ಫಿಲ್ಮಿಗೆ 1/500. ಬೆಳಕು ಎಲ್ಲಿಂದ ಬರುತ್ತಿದೆ, ಎಲ್ಲಿ ಬೀಳುತ್ತಿದೆ ಅಂತ ಯೋಚಿಸಿದರೆ ರಾತ್ರಿಯ ಆಕಾಶಕ್ಕೂ ಹಗಲಿನ ಲೆಕ್ಕ ನಡೆಯುತ್ತದೆ.

ಮನೆಯೊಳಗೆ ಮಾತ್ರ ಕಣ್ಣಂದಾಜು ಪೂರ್ತಿ ಕೈಕೊಡುತ್ತದೆ. ಒಳಗೆ ಬಂದ ಸ್ವಲ್ಪ ಹೊತ್ತಿಗೆ ಕಣ್ಣು ಹೊಂದಿಕೊಂಡು ಎಲ್ಲ ಬೆಳಕಾಗಿದೆ ಅಂದುಬಿಡುತ್ತದೆ. ಸಂಜೆ ಮನೆಯ ದೀಪದ ಬೆಳಕಿಗೂ ಹೊರಗಿನ ನೇರ ಬಿಸಿಲಿಗೂ ಒಂಬತ್ತು ಹತ್ತು ಸ್ಟಾಪ್ ಅಂತರ ಇರುತ್ತದೆ. ಹತ್ತು ಸ್ಟಾಪ್ ಅಂದರೆ ಸಾವಿರ ಪಟ್ಟು. ಕಣ್ಣು ಇದನ್ನು ನಮಗೆ ತಿಳಿಸುವುದೇ ಇಲ್ಲ. ಒಳಗಡೆ ಮೀಟರ್ ಬಳಸಿ. ಕ್ಯಾಮೆರಾದ್ದು ಕೆಟ್ಟಿದ್ದರೆ ಫೋನಿನಲ್ಲಿ ಸಿಗುವ ಮೀಟರ್ ಕೂಡ ಕೆಲಸಕ್ಕೆ ಬರುತ್ತದೆ.

ಈಗ ಮೀಟರಿನ ಮಾತು. ಒಂದು ಚಿತ್ರದ ಕತೆ ಹೇಳುತ್ತೇನೆ.

ನನ್ನ ಎರಡನೇ ರೀಲು. ಅಕ್ಕ ಕಿಟಕಿಗೆ ಬೆನ್ನು ಕೊಟ್ಟು ಕೂತು ಹೊಲಿಗೆ ಹಾಕುತ್ತಿದ್ದಳು. ಕೂದಲಿನ ಸುತ್ತ ಬೆಳಕು, ಬಗ್ಗಿದ ಮುಖ. ತುಂಬಾ ಚೆನ್ನಾಗಿ ಕಾಣುತ್ತಿತ್ತು. ಮೀಟರಿನ ಮುಳ್ಳು ನಡುವೆ ನಿಲ್ಲುವ ತನಕ ಉಂಗುರ ತಿರುಗಿಸಿದೆ. 1/250, ಎಫ್ 8. ಒತ್ತಿದೆ. ಮೀಟರ್ ಸರಿ ಇತ್ತು, ಕ್ಯಾಮೆರಾ ಸರಿ ಇತ್ತು, ನಾನೂ ಹೇಳಿದ ಹಾಗೆ ಮಾಡಿದ್ದೆ. ರೀಲು ತೊಳೆದು ಬಂದ ಮೇಲೆ ನೋಡಿದರೆ ಕಿಟಕಿ ಚೆನ್ನಾಗಿ ಬಂದಿದೆ, ಹೊರಗಿನ ಗಿಡದ ಎಲೆಗಳು ಕೂಡ ಬಂದಿವೆ. ಅಕ್ಕನ ಮುಖ ಇರಬೇಕಾದ ಜಾಗದಲ್ಲಿ ನೆಗೆಟಿವ್ ಗಾಜಿನ ಹಾಗೆ ತಿಳಿಯಾಗಿತ್ತು. ಅಲ್ಲಿ ಏನೂ ಇರಲಿಲ್ಲ. ನನಗೆ ನಿಜಕ್ಕೂ ದುಃಖವಾಯಿತು.

ಮೀಟರಿಗೆ ಅಕ್ಕನೂ ಗೊತ್ತಿಲ್ಲ, ಕಿಟಕಿಯೂ ಗೊತ್ತಿಲ್ಲ. ಬೂದು ಬಣ್ಣದ ಪರೀಕ್ಷಾ ಕಾರ್ಡ್ ಒಂದು ಬರುತ್ತದೆ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ಅದು ವಾಪಸ್ ಕಳಿಸುತ್ತದೆ. ನೀವು ಮುಂದೆ ಏನಿಟ್ಟರೂ ಅದು ಹೆಚ್ಚುಕಡಿಮೆ ಆ ಥರದ ನಡುಬೂದು ಅಂದುಕೊಂಡೇ ಮೀಟರ್ ಲೆಕ್ಕ ಹೇಳುತ್ತದೆ. ಬರೀ ಬಿಳಿ ಗೋಡೆ ತೋರಿಸಿದರೆ ‘ಬೆಳಕು ಜಾಸ್ತಿಯಾಯಿತು’ ಅಂತ ಕಡಿಮೆ ಮಾಡಿಸಿ ಗೋಡೆಯನ್ನು ಬೂದು ಮಾಡುತ್ತದೆ. ಕಪ್ಪು ಕೋಟು ತೋರಿಸಿದರೆ ಹೆಚ್ಚು ಮಾಡಿಸಿ ಅದನ್ನೂ ಬೂದು ಮಾಡುತ್ತದೆ. ಅವತ್ತು ಕಿಟಕಿಯ ಬೆಳಕೇ ಮೀಟರನ್ನು ತುಂಬಿತ್ತು. ಅಕ್ಕನ ಮುಖಕ್ಕೆ ಬೇಕಾಗಿದ್ದದ್ದು 1/30, ಎಫ್ 5.6. ಎಣಿಸಿ ನೋಡಿ. 250ರಿಂದ 125, 60, 30, ಮೂರು ಮೆಟ್ಟಿಲು. 8ರಿಂದ 5.6, ಒಂದು. ಒಟ್ಟು ನಾಲ್ಕು ಸ್ಟಾಪ್. ಬೇಕಾದ ಬೆಳಕಿನ ಹದಿನಾರನೇ ಒಂದು ಪಾಲು ಮಾತ್ರ ಆ ಮುಖಕ್ಕೆ ಸಿಕ್ಕಿತ್ತು.

ಕಡಿಮೆ ಬೆಳಕು ಬಿದ್ದರೆ ಮಂಕಾಗಿಯಾದರೂ ಬರಬೇಕಿತ್ತಲ್ಲ, ಪೂರ್ತಿ ಖಾಲಿ ಯಾಕೆ? ಫಿಲ್ಮಿನ ಮೇಲೆ ಬೆಳ್ಳಿಯ ಲವಣದ ಸಣ್ಣ ಸಣ್ಣ ಹರಳುಗಳಿರುತ್ತವೆ. ಒಂದು ಹರಳು ತೊಳೆಯುವಾಗ ಕಪ್ಪಾಗಬೇಕಾದರೆ ಅದಕ್ಕೆ ಕನಿಷ್ಠ ಇಷ್ಟು ಅಂತ ಬೆಳಕು ತಾಗಿರಬೇಕು. ಆ ಹೊಸ್ತಿಲು ದಾಟದಿದ್ದರೆ ಅದು ಬೆಳಕನ್ನು ಕಂಡೇ ಇಲ್ಲ ಅನ್ನುವ ಹಾಗೆ ತೊಳೆದು ಹೋಗುತ್ತದೆ. 1890ರಲ್ಲಿ ಹರ್ಟರ್ ಮತ್ತು ಡ್ರಿಫೀಲ್ಡ್ ಅನ್ನುವ ಇಬ್ಬರು ಇದನ್ನು ಅಳೆದು ಒಂದು ಗೆರೆಯಾಗಿ ಬರೆದು ತೋರಿಸಿದರು. ಬೆಳಕು ಹೆಚ್ಚಿಸುತ್ತಾ ಹೋದರೆ ಗೆರೆ ಮೊದಲು ನೆಲಕ್ಕಂಟಿಕೊಂಡೇ ಇರುತ್ತದೆ. ಆಮೇಲೆ ಮೆಲ್ಲಗೆ ತಲೆ ಎತ್ತಿ ನೇರವಾಗಿ ಏರುತ್ತದೆ. ತುಂಬಾ ಮೇಲೆ ಹೋದ ಮೇಲೆ ಮತ್ತೆ ಬಾಗುತ್ತದೆ. ಅಕ್ಕನ ಮುಖ ಆ ನೆಲಕ್ಕಂಟಿದ ಭಾಗದಲ್ಲಿ ಬಿದ್ದಿತ್ತು.

ಮೇಲಿನ ಕಡೆ ಹಾಗಲ್ಲ. ನೆಗೆಟಿವ್ ಫಿಲ್ಮಿಗೆ ಎರಡು ಸ್ಟಾಪ್ ಜಾಸ್ತಿ ಬೆಳಕು ಬಿದ್ದರೂ ದಟ್ಟವಾಗುತ್ತದೆ ಅಷ್ಟೇ. ವಿವರ ಅದರೊಳಗೇ ಇರುತ್ತದೆ, ಹೊರಗೆ ತೆಗೆಯಬಹುದು. ಆದ್ದರಿಂದ ನೆಗೆಟಿವ್‌ನಲ್ಲಿ ಎಕ್ಸ್‌ಪೋಶರ್ ಅಂದರೆ ಒಂದೇ ಪ್ರಶ್ನೆ: ಈ ನೋಟದಲ್ಲಿ ನನಗೆ ಕಳೆದುಕೊಳ್ಳಲು ಇಷ್ಟವಿಲ್ಲದ, ಎಲ್ಲಕ್ಕಿಂತ ಕತ್ತಲಾದ ಜಾಗ ಯಾವುದು? ಅದಕ್ಕೆ ಬೆಳಕು ಸಿಗುವ ಹಾಗೆ ನೋಡಿಕೊಳ್ಳಿ. ಉಳಿದದ್ದನ್ನು ಫಿಲ್ಮ್ ನೋಡಿಕೊಳ್ಳುತ್ತದೆ. ಎಲ್ಲ ನೆರಳಿಗೂ ಕೊಡಬೇಕಿಲ್ಲ. ಮಂಚದ ಕೆಳಗಿನ ಕತ್ತಲು ಕತ್ತಲಾಗಿಯೇ ಇರಲಿ. ಮುಖ, ಕೈ, ಕಪ್ಪು ಕೂದಲಿನ ಎಳೆ, ಇವುಗಳಲ್ಲಿ ಯಾವುದು ಬೇಕು ಅಂತ ಆರಿಸುವವರು ನೀವು. ಆ ಆಯ್ಕೆಯನ್ನು ಯಾವ ಮೀಟರೂ ಮಾಡಲಾರದು.

ಅಮೆರಿಕದ ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಹೊತ್ತಿಗೆ ಇದನ್ನು ಝೋನ್ ಸಿಸ್ಟಮ್ ಅಂತ ಒಂದು ಪೂರ್ತಿ ಪದ್ಧತಿಯನ್ನಾಗಿ ಮಾಡಿದರು. ಶುರುವಿಗೆ ಅದರ ಒಂದು ಚೂರು ಸಾಕು. ವಿವರ ಬೇಕಾದ ಕತ್ತಲ ಜಾಗಕ್ಕೆ ಹತ್ತಿರ ಹೋಗಿ, ಅದೊಂದನ್ನೇ ಮೀಟರಿಗೆ ತೋರಿಸಿ. ಮೀಟರ್ ಅದನ್ನು ನಡುಬೂದು ಮಾಡಲು ಹೊರಡುತ್ತದೆ, ನಿಮಗೆ ಅದು ನೆರಳಾಗಿಯೇ ಕಾಣಬೇಕು. ಹಾಗಾಗಿ ಎರಡು ಸ್ಟಾಪ್ ಕಡಿಮೆ ಕೊಡಿ. ಮೀಟರ್ 1/30 ಅಂದರೆ ನೀವು 1/125 ಇಡಿ. ಇಷ್ಟೂ ಕಷ್ಟ ಅನಿಸಿದರೆ ಅಂಗೈ ಇದೆ. ಚಿತ್ರದ ಮುಖಕ್ಕೆ ಬಿದ್ದ ಬೆಳಕೇ ಬೀಳುವ ಹಾಗೆ ಅಂಗೈ ಹಿಡಿದು, ಅದನ್ನು ಅಳೆದು, ಒಂದು ಸ್ಟಾಪ್ ಹೆಚ್ಚು ಕೊಡಿ. ಅಂಗೈ ನಡುಬೂದಿಗಿಂತ ಸುಮಾರು ಒಂದು ಸ್ಟಾಪ್ ತಿಳಿ.

ಒಂದು ಎಚ್ಚರಿಕೆ. ಸ್ಲೈಡ್ ಫಿಲ್ಮಿಗೆ, ಅಂದರೆ ತೊಳೆದಾಗ ನೇರವಾಗಿ ಚಿತ್ರವೇ ಮೂಡುವ ಫಿಲ್ಮಿಗೆ, ಇದೆಲ್ಲ ಉಲ್ಟಾ. ಅಲ್ಲಿ ಬೆಳಕು ಜಾಸ್ತಿಯಾದ ಜಾಗವೇ ತಿಳಿಯಾಗಿ ಅಳಿಸಿ ಹೋಗುತ್ತದೆ. ಅರ್ಧ ಸ್ಟಾಪ್ ತಪ್ಪಿದರೂ ಕಣ್ಣಿಗೆ ಕಾಣುತ್ತದೆ. ಅದನ್ನು ಆಮೇಲೆ ಕಲಿಯಿರಿ.

ಅಕ್ಕನನ್ನು ಇನ್ನೊಂದು ದಿನ ಅದೇ ಕಿಟಕಿಯ ಬಳಿ ಕೂರಿಸಿ 1/30, ಎಫ್ 5.6ರಲ್ಲಿ ತೆಗೆದೆ. ಕಿಟಕಿ ಬರೀ ಬಿಳಿಯಾಯಿತು, ಗಿಡ ಹೋಯಿತು. ಮುಖ ಬಂತು. ಬೆರಳಿನ ನಡುವೆ ಸೂಜಿಯೂ ಬಂತು.

ಇದೆಲ್ಲ ನನಗೆ ಅರ್ಥವಾಗಿದ್ದು ಒಂದು ಚಿಕ್ಕ ನೋಟ್‌ಬುಕ್ಕಿನಿಂದ. ಫಿಲ್ಮ್ ನಿಮ್ಮ ತಪ್ಪನ್ನು ದಿನಗಳಾದ ಮೇಲೆ ತೋರಿಸುತ್ತದೆ. ಅಷ್ಟರಲ್ಲಿ ಏನು ಇಟ್ಟಿದ್ದೆವು ಅನ್ನೋದು ಮರೆತಿರುತ್ತೇವೆ. ಬರೆದಿಡದಿದ್ದರೆ ರೀಲು ಸುಮ್ನೆ ವ್ಯರ್ಥ. ಚಿತ್ರದ ಸಂಖ್ಯೆ, ಶಟರ್, ಎಫ್, ಜೊತೆಗೆ ಬೆಳಕಿನ ಬಗ್ಗೆ ನಾಲ್ಕು ಪದ: ‘ನೆರಳಿನ ಅಂಚು ಮೆತ್ತಗೆ, ಮುಖ ಮರದ ಕೆಳಗೆ’. ನನ್ನ ಅಂದಾಜು ಎಷ್ಟು, ಮೀಟರ್ ಎಷ್ಟು ಹೇಳಿತು, ಎರಡನ್ನೂ ಬರೆಯಿರಿ.

ಮೊದಲ ರೀಲಿನಲ್ಲಿ ಆರು ಚಿತ್ರಗಳನ್ನು ಇದಕ್ಕೇ ಮೀಸಲಿಡಿ. ಒಂದೇ ನೋಟ, ಅದರಲ್ಲಿ ಒಂದು ಬಿಳಿ ವಸ್ತು, ಒಂದು ಕಪ್ಪು ವಸ್ತು, ಒಂದು ಮುಖ. ಅಂದಾಜಿಗಿಂತ ಎರಡು ಸ್ಟಾಪ್ ಕಡಿಮೆ, ಒಂದು ಕಡಿಮೆ, ಸರಿಯಾದದ್ದು, ಒಂದು ಹೆಚ್ಚು, ಎರಡು ಹೆಚ್ಚು, ಮೂರು ಹೆಚ್ಚು.

ನೋಡುವಾಗ ನೆಗೆಟಿವನ್ನೇ ನೋಡಿ, ಪ್ರಿಂಟನ್ನಲ್ಲ. ಪ್ರಿಂಟ್ ಅಥವಾ ಸ್ಕ್ಯಾನ್ ಮಾಡುವ ಯಂತ್ರ ಪ್ರತಿ ಚಿತ್ರದ ಬೆಳಕನ್ನೂ ಸರಿಪಡಿಸಿ ಕೊಡುತ್ತದೆ. ಆರೂ ಒಂದೇ ಥರ ಕಂಡು, ಕಲಿಯಬೇಕಾದ್ದೆಲ್ಲ ಮರೆಯಾಗುತ್ತದೆ. ನೆಗೆಟಿವನ್ನು ಬಿಳಿ ಪರದೆಯ ಮುಂದೆ ಹಿಡಿದರೆ ಸುಳ್ಳು ಹೇಳುವುದಿಲ್ಲ. ಕಪ್ಪು ವಸ್ತು ಇದ್ದ ಜಾಗದಲ್ಲಿ ಏನಾದರೂ ಗೆರೆ, ಮಡಿಕೆ ಕಾಣುತ್ತಿದೆಯಾ? ಅದು ಯಾವ ಚಿತ್ರದಿಂದ ಶುರುವಾಗುತ್ತದೆ? ನಿಮ್ಮ ಕ್ಯಾಮೆರಾ, ನಿಮ್ಮ ಫಿಲ್ಮ್, ನಿಮ್ಮ ಮೀಟರ್ ಮೂರೂ ಸೇರಿ ಎಲ್ಲಿ ಸರಿಯಾಗುತ್ತವೆ ಅಂತ ಅಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಗುಟ್ಟು. ನೆಗೆಟಿವ್ ಅಂಚಿನಲ್ಲಿ ಸಂಖ್ಯೆ, ಫಿಲ್ಮಿನ ಹೆಸರು ಇರುತ್ತದೆ. ಅದನ್ನು ಕಾರ್ಖಾನೆಯಲ್ಲೇ ಬೆಳಕಿನಿಂದ ಅಚ್ಚು ಹಾಕಿರುತ್ತಾರೆ, ನಿಮ್ಮ ಕ್ಯಾಮೆರಾಕ್ಕೂ ಅದಕ್ಕೂ ಸಂಬಂಧವಿಲ್ಲ. ಚಿತ್ರ ತೆಳ್ಳಗಿದ್ದು ಅಂಚಿನ ಸಂಖ್ಯೆ ಕಡುಗಪ್ಪಾಗಿದ್ದರೆ ಎಕ್ಸ್‌ಪೋಶರ್ ಕಡಿಮೆಯಾಗಿದೆ. ಅಂಚಿನ ಸಂಖ್ಯೆಯೂ ಮಸುಕಾಗಿದ್ದರೆ ತೊಳೆಯುವುದರಲ್ಲಿ ಹೆಚ್ಚುಕಡಿಮೆ ಆಗಿದೆ.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: “ನನ್ನ ಕ್ಯಾಮೆರಾ ಮೀಟರ್ ಕೆಲಸ ಮಾಡುತ್ತೆ, ಆದರೆ ಯಾವಾಗಲೂ ತಪ್ಪು ಹೇಳುತ್ತೆ. ಯಾಕೆ ಸರ್?”

ಎರಡು ಕಾರಣ ಇರಬಹುದು. ಮುಂಭಾಗದಲ್ಲಿ ಜೇನುಗೂಡಿನಂಥ ಗಾಜಿನ ಪಟ್ಟಿ ಇದ್ದರೆ ಅದು ಸೆಲೆನಿಯಂ ಮೀಟರ್. ಬ್ಯಾಟರಿ ಬೇಡ, ಬೆಳಕಿನಿಂದಲೇ ಮುಳ್ಳು ಓಡುತ್ತದೆ. ವರ್ಷ ಕಳೆದಂತೆ ಅದರ ಶಕ್ತಿ ಕುಂದಬಹುದು. ಬ್ಯಾಟರಿ ಹಾಕುವ ಹಳೆಯ ಕ್ಯಾಮೆರಾ ಆಗಿದ್ದರೆ ಅದು 1.35 ವೋಲ್ಟಿನ ಪಾದರಸದ ಬ್ಯಾಟರಿಗೆ ಮಾಡಿದ್ದಾಗಿರಬಹುದು. ಅವು ಈಗ ಇಲ್ಲ. ಅದೇ ಅಳತೆಯ 1.5 ವೋಲ್ಟಿನ ಬ್ಯಾಟರಿ ಹಾಕಿದರೆ ಎಷ್ಟೋ ಕ್ಯಾಮೆರಾಗಳಲ್ಲಿ ಮುಳ್ಳು ತಪ್ಪು ತೋರಿಸುತ್ತದೆ. ತಪ್ಪು ಯಾವಾಗಲೂ ಒಂದೇ ಅಳತೆಯದ್ದಾಗಿದ್ದರೆ ಫಿಲ್ಮ್ ಸಂಖ್ಯೆಯ ಡಯಲನ್ನು ಅಷ್ಟು ಹಿಂದೆ ಮುಂದೆ ಮಾಡಿ ಸರಿದೂಗಿಸಿ. ಒಳ್ಳೆ ಬಿಸಿಲಿನಲ್ಲಿ ಸನ್ನಿ 16ರ ಜೊತೆ ಹೋಲಿಸಿ ನೋಡಿದರೆ ಎಷ್ಟು ತಪ್ಪು ಅಂತ ಗೊತ್ತಾಗುತ್ತದೆ.

“ಶಟರ್ ಸರಿ ಇದೆಯಾ ಅಂತ ಮನೆಯಲ್ಲೇ ನೋಡಬಹುದಾ?”

ಸ್ವಲ್ಪ ಮಟ್ಟಿಗೆ ನೋಡಬಹುದು. ಎಣ್ಣೆ ಗಟ್ಟಿಯಾದ ಹಳೆಯ ಕ್ಯಾಮೆರಾಗಳಲ್ಲಿ ನಿಧಾನದ ವೇಗಗಳು ಎಳೆದಾಡುತ್ತವೆ. ಒಂದು ಸೆಕೆಂಡ್ ಇಟ್ಟು ಗಡಿಯಾರದ ಜೊತೆ ಕೇಳಿಸಿಕೊಳ್ಳಿ, ಕಿವಿಗೇ ಗೊತ್ತಾಗುತ್ತದೆ. ವೇಗದವುಗಳಿಗೆ ಆಗಲೇ ಮಾಡಿದ ಹಾಗೆ ಹಿಂದಿನಿಂದ ನೋಡಿ, ಚೌಕಟ್ಟಿನ ಎರಡೂ ಬದಿ ಒಂದೇ ಥರ ಬೆಳಗಬೇಕು. ಕೆಲವು ಹಳೆಯ ಮಾದರಿಗಳಲ್ಲಿ ಲಿವರ್ ಎಳೆದ ಮೇಲಷ್ಟೇ ಶಟರ್ ಡಯಲ್ ತಿರುಗಿಸಬೇಕು. ಮೊದಲೇ ತಿರುಗಿಸಿದರೆ ಒಳಗಿನ ಭಾಗ ಕೆಡಬಹುದು. ಬಟ್ಟೆಯ ಪರದೆಯ ಶಟರ್ ಆಗಿದ್ದು ಖಚಿತವಿಲ್ಲದಿದ್ದರೆ ಎಳೆದ ಮೇಲೆಯೇ ತಿರುಗಿಸಿ.

ಕೊನೆಗೆ ಹಿಂದಿನ ಸಾಲಿನ ಒಬ್ಬ ಹುಡುಗಿ: “ಅನುಮಾನ ಬಂದರೆ ಯಾವ ಕಡೆ ತಪ್ಪಬೇಕು?”

ನೆಗೆಟಿವ್ ಆಗಿದ್ದರೆ ಜಾಸ್ತಿ ಕಡೆ, ಒಂದು ಸ್ಟಾಪ್. ಎಷ್ಟೋ ಜನ 400ರ ಫಿಲ್ಮ್ ಹಾಕಿ ಡಯಲನ್ನು 200ಕ್ಕೇ ಇಡುತ್ತಾರೆ, ನಾನೂ ಹಾಗೇ ಮಾಡುತ್ತೇನೆ. ಸೆಕೆಂಡುಗಟ್ಟಲೆ ತೆರೆದಿಡುವ ರಾತ್ರಿ ಚಿತ್ರಗಳಿಗೆ ಇನ್ನೂ ಜಾಸ್ತಿ ಬೇಕು. ಅಷ್ಟು ಹೊತ್ತಿನಲ್ಲಿ ಫಿಲ್ಮ್ ದಣಿದ ಹಾಗೆ ನಿಧಾನವಾಗುತ್ತದೆ, ಲೆಕ್ಕ ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಕೇಳುತ್ತದೆ.

ಈಗ ಮುಚ್ಚಳ ಹಾಕಿ ಒಂದು ರೀಲು ತುಂಬಿಸೋಣ. ಹೊರಗೆ ಹೋಗಿ ಒಬ್ಬೊಬ್ಬರು ಎರಡೆರಡು ಚಿತ್ರ ತೆಗೆಯಿರಿ. ಮೀಟರನ್ನು ನಾನು ಟೇಪ್ ಅಂಟಿಸಿ ಮುಚ್ಚಿದ್ದೇನೆ. ಮೊದಲು ನೆರಳಿನ ಅಂಚು ನೋಡಿ, ಸಂಖ್ಯೆ ಬರೆಯಿರಿ. ಆಮೇಲೆ ಟೇಪ್ ತೆಗೆಯೋಣ.